ಕಂಬಳದ ಕಾಲು

ಆಗೆಲ್ಲ ನಮ್ಮ ಓಣಿಯಲ್ಲಿ ಮಳೆಯ ನೀರು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಜೋರಾಗಿ ಹೊಡೆದರೆ ಸಾಕು, ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹಿಂದಿನ ಆ ಓಣಿ ಮೊಣಕಾಲುದ್ದದ ಹೊಳೆಯಾಗುತ್ತಿತ್ತು. ಶಾಲೆಗೆ ರಜೆ. ಒಬ್ಬರ ಚಪ್ಪಲಿ ತೇಲಿಕೊಂಡು ಇನ್ನೊಬ್ಬರ ಮನೆ ಮೆಟ್ಟಿಲಿಗೆ ಬರುತ್ತಿತ್ತು. ದೊಡ್ಡವರು ಬೈಯುವ ಇಂಥ ನೀರಿಗಾಗಿ ಕಾದು ಕೂತ ಮಕ್ಕಳು ನೀವೂ ಆಗಿರುತ್ತೀರಿ. ನಮ್ಮ ಮನೆಯಲ್ಲಿ ಮಾತ್ರ ನಮಗಿಂತ ಹೆಚ್ಚು ಕಾಯುತ್ತಿದ್ದವರು ಅಪ್ಪ.

ನಮ್ಮದು ಇಡ್ಲಿ ದೋಸೆಯ ಸಣ್ಣ ಹೋಟೆಲು. ಅಪ್ಪ ಉಡುಪಿ ಕಡೆಯವರು. ಮೀಸೆ ಮೂಡುವ ಮೊದಲೇ ಕೋಲ್ಕತ್ತಾಕ್ಕೆ ಬಂದು, ಯಾರದೋ ಹೋಟೆಲಿನಲ್ಲಿ ಪ್ಲೇಟು ತೊಳೆದು, ಕಡೆಗೆ ಸ್ವಂತದ್ದೊಂದು ತೆರೆದವರು. ಅಪ್ಪ ಅಮ್ಮ ತಮ್ಮತಮ್ಮಲ್ಲಿ ತುಳು ಮಾತಾಡುತ್ತಿದ್ದರು, ನಮ್ಮೊಡನೆ ಕನ್ನಡ, ಗಿರಾಕಿಗಳೊಡನೆ ಹಿಂದಿ. ನಾನು ಮತ್ತು ನನ್ನ ತಮ್ಮ ಪಚ್ಚು ಜಗಳವಾಡುವಾಗ ಬಂಗಾಳಿ. ಗಲ್ಲಾದ ಮೇಲೆ ಗಣಪತಿಯ ಪಕ್ಕದಲ್ಲಿ ಅಜ್ಜನ ಫೋಟೊ ಇತ್ತು. ಕಂಬಳದ ಗದ್ದೆಯಲ್ಲಿ, ಎರಡು ಕೋಣಗಳ ಹಿಂದೆ, ತಲೆಯವರೆಗೂ ಕೆಸರು ಚಿಮ್ಮಿಸಿಕೊಂಡು ಓಡುತ್ತಿರುವ ಅಜ್ಜ. ಅವರ ಮೀನಖಂಡಗಳು ತೆಂಗಿನಕಾಯಿಯ ಗಾತ್ರಕ್ಕಿದ್ದವು. ಅಪ್ಪನದ್ದು ಕೊಕ್ಕರೆಯ ಕಾಲು. ಅದರ ದುಃಖ ಅವರಿಗೆ ಚಿಕ್ಕಂದಿನಿಂದಲೂ ಇತ್ತು.

ಪಚ್ಚುವಿಗೆ ಆಗ ಎಂಟು ವರ್ಷ, ನನಗೆ ಹನ್ನೊಂದು. ಅವನು ಸಣಕಲ. ತೋಳು ಕಡ್ಡಿ, ತೊಡೆಯೂ ಕಡ್ಡಿ. ಆದರೆ ಮೊಣಕಾಲಿನ ಕೆಳಗೆ ಮಾತ್ರ ಗಟ್ಟಿಯಾದ, ದುಂಡನೆಯ ಮೀನಖಂಡ. ಅಪ್ಪ ಅದನ್ನು ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಗಂಜಿ ಹಾಕಿದ ಅಂಗಿ ತೊಟ್ಟ ಮುದುಕ ಬಾಬುಗಳು ಕಾಫಿ ಲೋಟ ಕೆಳಗಿಟ್ಟು ಒತ್ತಿ ನೋಡಿ "ಬಾಪ್‌ರೇ!" ಅನ್ನಬೇಕು. ಅಂದರೆ ಅವರಿಗೆ ಇನ್ನೊಂದು ವಡೆ ಬರುತ್ತಿತ್ತು.

"ಕಂಬಳದ ಕಾಲು ಇದು. ನನ್ನನ್ನು ಬಿಟ್ಟು ಹಾರಿ ಮೊಮ್ಮಗನಿಗೆ ಬಂದದ್ದು" ಎನ್ನುತ್ತಿದ್ದರು ಅಪ್ಪ.

ಅಮ್ಮ ಅಡುಗೆಮನೆಯ ಕಿಟಕಿಯಿಂದ ಕೂಗುತ್ತಿದ್ದರು: "ಪಚ್ಚೂ, ಉದ್ದ ಪ್ಯಾಂಟು ಹಾಕು. ಸೊಳ್ಳೆ ಉಂಟು."

ಅಪ್ಪನಿಗೆ ಒಂದು ಸಲ ನಂಬಿಕೆ ಕೂತರೆ ಮುಗಿಯಿತು, ಮುಂದೆ ಕಾಣುವುದೆಲ್ಲ ಅದಕ್ಕೇ ಸಾಕ್ಷಿ. ಪಚ್ಚು ಹಿಮ್ಮಡಿ ಊರದೆ ತುದಿಗಾಲಲ್ಲಿ ನಡೆಯುತ್ತಿದ್ದ. ಅಪ್ಪ, "ನೋಡು, ಓಡುವವ ಹಿಮ್ಮಡಿ ಊರುದಿಲ್ಲ." ಹೊಟ್ಟೆ ಮುಂದೆ, ಸೊಂಟ ಒಳಗೆ ಮಾಡಿ ನಡೆಯುತ್ತಿದ್ದ. ಅಪ್ಪ, "ಎದೆ ಎತ್ತಿ ನಡೆಯುವ ಗತ್ತು ಅಜ್ಜಂದೇ." ಮೆಟ್ಟಿಲಲ್ಲಿ, ಫುಟ್‌ಪಾತಿನಲ್ಲಿ, ಸಪಾಟು ನೆಲದಲ್ಲಿ ಸಹ ಬೀಳುತ್ತಿದ್ದ. ಅದಕ್ಕೂ ಅಪ್ಪನ ಬಳಿ ಮಾತಿತ್ತು: "ಬೀಳದವ ಕೆಸರಲ್ಲಿ ಎಂತ ಓಡುದು?"

ಹಾಗೆ ಶುರುವಾದದ್ದು ನಮ್ಮ ಓಣಿಯ ಕಂಬಳ. ನೀರು ನಿಂತ ದಿನ ಹೋಟೆಲಿಗೆ ಗಿರಾಕಿಗಳಿಲ್ಲ. ಅಪ್ಪ ಲುಂಗಿ ಮೇಲೆ ಕಟ್ಟಿ, ನಮ್ಮ ಪಾಡಾದ, ಎಂದರೆ ಕೇರಿಯ, ಇಬ್ಬರು ದಡೂತಿ ಹುಡುಗರನ್ನು ಕರೆದು ಕೋಣ ಮಾಡುತ್ತಿದ್ದರು. ಅವರ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಪಚ್ಚುವಿನ ಕೈಯಲ್ಲಿ. ಹಿಂದೆ ನಾನು, ನನ್ನ ಹಿಂದೆ ಹೆಗಲ ಟವೆಲು, ಅವರ ಬೈರಾಸು, ಬೀಸುತ್ತ "ಹೋ... ಹೋ..." ಎಂದು ಬೊಬ್ಬೆ ಹೊಡೆಯುವ ಅಪ್ಪ. ಬಾಲ್ಕನಿಗಳಿಂದ ಮಾಶಿಮಾರು, ಅಂದರೆ ಬಂಗಾಳಿ ಚಿಕ್ಕಮ್ಮಂದಿರು, ಶಂಖ ಊದುತ್ತಿದ್ದರು. ಚರಂಡಿಯ ವಾಸನೆ, ಯಾರದೋ ಮನೆಯ ಖಿಚುಡಿ, ಹಿಲ್ಸಾ ಮೀನು ಕರಿಯುವ ಸಾಸಿವೆ ಎಣ್ಣೆಯ ಘಾಟು. ನಾನು ಅಷ್ಟು ನಕ್ಕ ದಿನಗಳು ಮತ್ತೆ ಬರಲಿಲ್ಲ.

ಪಚ್ಚು ಬಿದ್ದರೆ ಏಳುವ ರೀತಿಯೇ ಬೇರೆ. ಮೊದಲು ಬೋರಲಾಗಿ ಅಂಬೆಗಾಲಿಡುವ ಮಗುವಿನಂತೆ ಆಗುತ್ತಿದ್ದ. ಆಮೇಲೆ ಹಿಂಭಾಗ ಮೇಲೆತ್ತುತ್ತಿದ್ದ. ಆಮೇಲೆ ಒಂದೊಂದೇ ಕೈಯನ್ನು ಕಾಲಿನ ಮೇಲೆ ಊರುತ್ತ, ಮೊಣಕಾಲು, ತೊಡೆ, ಸೊಂಟ ಎಂದು ತನ್ನನ್ನೇ ತಾನು ಹತ್ತಿ ನಿಲ್ಲುತ್ತಿದ್ದ. ನಾವು ಅದಕ್ಕೆ "ಏಣಿ" ಎಂದು ಹೆಸರಿಟ್ಟೆವು. ಪಾಡಾದ ಮಕ್ಕಳೆಲ್ಲ ಅದನ್ನು ಕಲಿತರು. ಬೆಳಗ್ಗೆ ತಾರಸಿಯ ಮೇಲೆ ಅಪ್ಪ ಮಾಡಿಸುತ್ತಿದ್ದ ಕಸರತ್ತಿನಲ್ಲಿ ಬಸ್ಕಿ, ಕಪ್ಪೆ ನೆಗೆತದ ಜೊತೆಗೆ ಏಣಿಯೂ ಸೇರಿತು. ಸಾಲಾಗಿ ನಿಂತು, ಬಿದ್ದು, ನಮ್ಮ ಕಾಲುಗಳನ್ನು ನಾವೇ ಹತ್ತುತ್ತಿದ್ದೆವು. ಗುರು ಪಚ್ಚು. ಅವನಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ.

ದುರ್ಗಾಪೂಜೆ ಮುಗಿದು ಚಳಿ ಬಂತು. ಕೋಲ್ಕತ್ತಾದ ಚಳಿ ಎಂದರೆ ಗೊತ್ತಲ್ಲ, ಒಂದು ಎಲೆ ಅಲುಗುವುದರೊಳಗೆ ಇಡೀ ಊರು ಮಂಕಿ ಟೋಪಿ ಹಾಕಿಕೊಳ್ಳುತ್ತದೆ. ಪಾಡಾದ ಕ್ಲಬ್ಬಿನವರು ಲೇಕ್ ಸುತ್ತ ಒಂದು ಓಟ ಇಟ್ಟುಕೊಂಡರು. ನಡೆಯಲಾಗದ ಮಕ್ಕಳಿಗೆ ಗಾಲಿಕುರ್ಚಿ ಕೊಡಿಸಲು ಸಹಾಯಾರ್ಥ ಓಟ. ಓಡಿದವರಿಗೆಲ್ಲ ಹಳದಿ ಟೀ ಶರ್ಟು, ಕಿತ್ತಳೆ ಹಣ್ಣು, ಹೊಸ ಖರ್ಜೂರದ ಬೆಲ್ಲದ ಸಂದೇಶ್ ಮಿಠಾಯಿ. ಅಪ್ಪ ಆಗಲೇ ಹೋಗಿ, ಅಂದಿನ ಇಡ್ಲಿ ಸಾಂಬಾರು ತನ್ನದು ಎಂದು ಹೇಳಿ, ನಮ್ಮಿಬ್ಬರ ಹೆಸರು ಬರೆಸಿ ಬಂದರು.

"ಇವರೇ, ಪಚ್ಚು ಬೇಡ" ಎಂದರು ಅಮ್ಮ. "ಹುಡುಗಿ ಓಡ್ಲಿ. ಅವ ಇಡ್ಲಿ ಹತ್ರ ಕೂತ್ಕೊಳ್ಲಿ."

"ಕೂತ್ಕೊಳ್ಲಿಕ್ಕೆ ಅವನಿಗೆಂತ ಕಾಲಿಲ್ಲವಾ?"

ಅಮ್ಮ ಉದ್ದಿನ ಹಿಟ್ಟಿಗೆ ಕೈ ಹಾಕಿ ತಿರುಗಿ ನಿಂತರು. ಅಮ್ಮ ಜಗಳವಾಡುವುದು ಹಾಗೆಯೇ, ಬೆನ್ನಿನಿಂದ.

ಆ ಚಳಿಗಾಲ ಪ್ರತಿ ಬೆಳಗ್ಗೆ ಲೇಕ್. ಮಂಜು, ಒಣ ಎಲೆ ಸುಡುವ ಹೊಗೆ, ನೀರಿನ ಮೇಲೆ ಉದ್ದ ದೋಣಿ ಹುಟ್ಟು ಹಾಕುವವರ ಕೂಗು, ಮರದ ಕೆಳಗೆ ವೃತ್ತವಾಗಿ ನಿಂತು ಹಹ್ಹಹ್ಹ ಎಂದು ವ್ಯಾಯಾಮಕ್ಕಾಗಿ ನಗುವ ಮುದುಕರು. ಅಪ್ಪ ಹಿಂದಿನಿಂದ ಬೈರಾಸು ಬೀಸುತ್ತ ಬರುತ್ತಿದ್ದರು. ಪಚ್ಚು ಓಡುವಾಗ ಸೊಂಟ ಎಡಕ್ಕೆ ಬಲಕ್ಕೆ ಬಾತುಕೋಳಿಯಂತೆ ತೂಗುತ್ತಿತ್ತು. ಸಂಜೆ ಅಪ್ಪನೇ ಎಣ್ಣೆ ಬಿಸಿ ಮಾಡಿ ಅವನ ಕಾಲು ತಿಕ್ಕುತ್ತಿದ್ದರು. "ಅಪ್ಪ, ಕಾಲು ನೋಯ್ತದೆ" ಎಂದರೆ "ನೋವು ಬಂದ್ರೆ ಗಟ್ಟಿಯಾಗ್ತಾ ಉಂಟು ಅಂತ ಲೆಕ್ಕ ಮಗಾ" ಎನ್ನುತ್ತಿದ್ದರು. ಅಪ್ಪನ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಆದರೆ ಆ ಎಣ್ಣೆ ಹಚ್ಚುವ ಕೈಯನ್ನು ನೆನೆದರೆ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ.

ಓಟದ ಭಾನುವಾರ ಬಿಸಿಲು ಚೆನ್ನಾಗಿತ್ತು. ಹಳದಿ ಶರ್ಟು ಪಚ್ಚುವಿನ ಮೊಣಕಾಲು ಮುಟ್ಟುತ್ತಿತ್ತು. ಸೀರೆ ಮೇಲೆ ಶರ್ಟು ಹಾಕಿದ ಹೆಂಗಸರು, ನಾಯಿ ಹಿಡಿದವರು, ಇಡೀ ಪಾಡಾ ಅಲ್ಲಿತ್ತು. ಸೀಟಿ ಊದಿದರು. ಮೊದಲ ತಿರುವಿನಲ್ಲೇ ಪಚ್ಚು ಬಿದ್ದ. ಏಣಿ ಹತ್ತಿ ಎದ್ದ. ಜನ ಚಪ್ಪಾಳೆ ತಟ್ಟಿದರು. ಮುಂದೆ ಹೋಗಿ ಬಿದ್ದ. ಮತ್ತೆ ಚಪ್ಪಾಳೆ. ಕೋಲೂರಿಕೊಂಡು ನಡೆಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ದಾಟಿ ಹೋದರು.

"ಅಕ್ಕ, ಆಮಿ ಲಾಸ್ಟ್?"

"ಇಲ್ಲ ಮಾರಾಯ, ಹಿಂದೆ ತುಂಬ ಜನ ಇದ್ದಾರೆ" ಎಂದೆ. ಹಿಂದೆ ಯಾರೂ ಇರಲಿಲ್ಲ.

ಮುಗಿಯುವ ಗೆರೆ ಕಾಣುತ್ತಿತ್ತು. ಅಲ್ಲೇ ಅಪ್ಪನ ಇಡ್ಲಿಯ ಹಬೆ. ಅಪ್ಪ ಸೌಟು ಬಿಟ್ಟು ಬೈರಾಸು ಹಿಡಿದು ಕುಣಿಯುತ್ತಿದ್ದರು: "ಹೋ... ಪಚ್ಚೂ... ಹೋ!" ಪಚ್ಚು ನಕ್ಕು ಜೋರು ಮಾಡಲು ಹೋದ. ಬಿದ್ದ. ಅಂಬೆಗಾಲಾದ, ಹಿಂಭಾಗ ಎತ್ತಿದ, ಕೈ ಮೊಣಕಾಲಿಗೆ ಬಂತು. ಅಲ್ಲಿಂದ ಮೇಲೆ ಬರಲಿಲ್ಲ. ಜಾರಿ ಕೂತ. ನಾನು ಎತ್ತಲು ಹೋದೆ, ನನ್ನ ಕೈಯಿಂದಲೂ ಜಾರಿದ. ಅಪ್ಪ ಓಡಿ ಬಂದು ಎತ್ತಿಕೊಂಡು, ನೆರಳಿನಲ್ಲಿ ಕೂರಿಸಲು ಬೇರೇನೂ ಸಿಗದೆ, ಹಂಚಲು ಸಾಲಾಗಿ ನಿಲ್ಲಿಸಿದ್ದ ರಿಬ್ಬನ್ ಕಟ್ಟಿದ ಹೊಸ ಗಾಲಿಕುರ್ಚಿಯೊಂದರಲ್ಲಿ ಕೂರಿಸಿದರು.

ಪಚ್ಚುವಿಗೆ ಬಲು ಖುಷಿ. "ಅಕ್ಕ, ದೂಡು!" ನಾನು ಗೆರೆಯ ಆಚೆಯವರೆಗೂ ದೂಡಿದೆ. ಯಾರೋ ಫೋಟೊ ತೆಗೆದರು.

ಅಷ್ಟರಲ್ಲಿ ಕ್ಲಬ್ಬಿನವರೊಬ್ಬರು ಬಂದು, ಈ ಕುರ್ಚಿ ಒಬ್ಬ ಹುಡುಗನದ್ದು, ಅವನು ಬಂದಿದ್ದಾನೆ ಎಂದರು. ಹಿಂದೆ ಅವನ ತಂದೆ ನಿಂತಿದ್ದರು. ತೋಳಿನಲ್ಲಿ ನನಗಿಂತ ದೊಡ್ಡ ಹುಡುಗ, ನನ್ನ ತಮ್ಮ ಕೂತ ಕುರ್ಚಿಯನ್ನೇ ನೋಡುತ್ತಿದ್ದ. ಅವನ ಕಾಲುಗಳು ತಂದೆಯ ಕೈಯಿಂದ ಇಳಿಬಿದ್ದಿದ್ದವು. ತೊಡೆ ಕಡ್ಡಿ. ಕೆಳಗೆ ದುಂಡನೆಯ ಮೀನಖಂಡ.

ಪಚ್ಚು ಬೆರಳು ತೋರಿಸಿ ಕೂಗಿದ: "ಅಪ್ಪ ನೋಡಿ, ಅವನಿಗೂ ಕಂಬಳದ ಕಾಲು!"

ಅಪ್ಪ ನೋಡಿದರು. ಅವರ ಕೈಯಲ್ಲಿನ ಬೈರಾಸು ಸುಮ್ಮನಾಯಿತು.

ಪ್ರಥಮ ಚಿಕಿತ್ಸೆಯ ಮೇಜಿನಲ್ಲಿದ್ದ ಡಾಕ್ಟರಮ್ಮ ಪಚ್ಚು ಬಿದ್ದದ್ದನ್ನು ಆಗಲೇ ನೋಡಿದ್ದರಂತೆ. ಅವನನ್ನು ಹುಲ್ಲಿನ ಮೇಲೆ ಕೂರಿಸಿ, ನೀರು ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು "ಏಕ್‌ಬಾರ್ ಓಠೋ ತೋ ಬಾಬಾ" ಎಂದರು, ಒಂದು ಸಲ ಎದ್ದೇಳು ಮರಿ ಎಂದು. ಪಚ್ಚು ಜನರ ಮುಂದೆ ಗತ್ತಿನಿಂದ ಏಣಿ ಮಾಡಿ ತೋರಿಸಿದ. ಕಷ್ಟಪಟ್ಟು ನಿಂತ. ಡಾಕ್ಟರಮ್ಮ ಚಪ್ಪಾಳೆ ತಟ್ಟಲಿಲ್ಲ. ಅವನ ಮೀನಖಂಡ ಒತ್ತಿ ನೋಡಿದರು. ಆಮೇಲೆ ಅಪ್ಪನನ್ನು ಬಿಟ್ಟು ಅಮ್ಮನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು, ನಿಮ್ಮ ತವರಿನಲ್ಲಿ ಯಾವ ಗಂಡುಮಗುವಿಗಾದರೂ ಹೀಗಿತ್ತಾ?

ಅಮ್ಮ ಸಾಂಬಾರಿನ ಸೌಟು ಹಿಡಿದೇ ನಿಂತಿದ್ದರು. ಉತ್ತರವನ್ನು ಡಾಕ್ಟರಿಗೆ ಕೊಡಲಿಲ್ಲ, ಅಪ್ಪನಿಗೆ ಕೊಟ್ಟರು, ನಮಗೆಲ್ಲ ತಿಳಿಯುವ ಕನ್ನಡದಲ್ಲಿ.

"ನನ್ನ ಅಣ್ಣನಿಗೆ. ಅವನ ಕಾಲೂ ಹೀಗೇ ಇತ್ತು."

ಮದುವೆಯ ಕಾಲಕ್ಕೆ ಅಪ್ಪನಿಗೆ ಹೇಳಿದ್ದು, ಆ ಅಣ್ಣ ಚಿಕ್ಕವನಿದ್ದಾಗ ಮರದಿಂದ ಬಿದ್ದು ಹಾಸಿಗೆ ಹಿಡಿದ ಎಂದು.

ಅಂದು ಸಂಜೆ ಹೋಟೆಲು ತೆರೆಯಲಿಲ್ಲ. ಪಚ್ಚು ಮಲಗಿದ್ದ. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು: "ಗೊತ್ತಿದ್ದೂ ನೀನು ಬಾಯಿ ಬಿಡ್ಲಿಲ್ಲ ಅಲ್ವಾ?"

"ಮೊದಲೇ ಹೇಳಿದ್ರೆ ನೀವು ನನ್ನ ಮದುವೆ ಆಗ್ತಿದ್ರಾ?" ಎಂದರು ಅಮ್ಮ. ಪಾತ್ರೆ ಒರೆಸುತ್ತ, "ಮತ್ತೆ, ನಿಮ್ಮ ಅಪ್ಪನ ಕಾಲು ಅಂತ ನೀವು ಅಷ್ಟು ಖುಷಿಯಲ್ಲಿ ಹೇಳ್ತಿದ್ರಲ್ಲ. ನಾನೂ ಹಾಗೇ ಇರ್ಲಿ ದೇವ್ರೇ ಅಂತ ನಂಬಿದೆ."

ಆಮೇಲೆ ಅಲಿಪುರದ ಕಡೆಯ ಆಸ್ಪತ್ರೆ, ಪರೀಕ್ಷೆಗಳು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ, ತಾಯಿಯ ರಕ್ತದಿಂದ ಗಂಡುಮಕ್ಕಳಿಗೆ ಬರುವಂಥದ್ದು. ಆ ದಪ್ಪ ಮೀನಖಂಡದಲ್ಲಿ ಇದ್ದದ್ದು ಬಲವಲ್ಲ, ಸತ್ತ ಮಾಂಸದ ಜಾಗ ತುಂಬಿದ ಕೊಬ್ಬು. ಡಾಕ್ಟರರು ಅಪ್ಪನಿಗೆ ಬಿಡಿಸಿ ಹೇಳಿದರು: ಓಡಿಸಿದ್ದರಿಂದ ಬಂದದ್ದಲ್ಲ, ಆದರೆ ಅಷ್ಟು ಓಡಿಸಬಾರದಿತ್ತು. ಅಪ್ಪ ಆ ಮಾತಿನ ಎರಡನೆಯ ಅರ್ಧವನ್ನು ಮಾತ್ರ ಮನೆಗೆ ತಂದರು.

ಅಜ್ಜನ ಫೋಟೊ ಗಲ್ಲಾದಿಂದ ಇಳಿಯಿತು. ಅಪ್ಪ ಅಮ್ಮನ ನಡುವೆ "ಎರಡು ಮಸಾಲೆ, ಒಂದು ಸೆಟ್" ಎಂಬುದರ ಆಚೆಗೆ ಮಾತು ಕಡಿಮೆಯಾಯಿತು. ಪಚ್ಚು ಹತ್ತನೇ ವರ್ಷಕ್ಕೆ ಏಣಿ ಹತ್ತುವುದನ್ನು ಬಿಟ್ಟ. ಅವನಿಗೂ ಕುರ್ಚಿ ಬಂತು, ಕ್ಲಬ್ಬಿನವರೇ ಕೊಟ್ಟರು. ಅಪ್ಪ ಅದನ್ನು ಲೇಕ್ ಸುತ್ತ ದೂಡುತ್ತಿದ್ದರು, ನಡೆದೇ, ಬೊಬ್ಬೆ ಹಾಕದೆ. "ಅಪ್ಪ, ಸ್ವಲ್ಪ ಸ್ಪೀಡ್" ಎಂದು ಪಚ್ಚು ಗೋಗರೆದರೂ ಅವರು ಓಡಲಿಲ್ಲ. ಹದಿನೇಳು ತುಂಬುವ ಮೊದಲು ಒಂದು ಚಳಿಗಾಲದ ಕೆಮ್ಮು ಅವನ ಎದೆಗಿಳಿಯಿತು, ಅವನು ಮತ್ತೆ ಏಳಲಿಲ್ಲ.

ಈಗ ನಾನು ಪಾರ್ಕ್ ಸ್ಟ್ರೀಟಿನ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ. ಓಣಿಗೆ ಹೊಸ ಪೈಪು ಬಂದಿದೆ, ನೀರು ನಿಲ್ಲುವುದಿಲ್ಲ. ಕೋಣಗಳಾಗಿದ್ದ ಹುಡುಗರು ಬೇರೆ ಬೇರೆ ಊರು ಸೇರಿದ್ದಾರೆ. ಶಂಖ ಊದುತ್ತಿದ್ದ ಬಾಲ್ಕನಿಗಳಿದ್ದ ಮನೆಗಳೇ ಇಲ್ಲ. ಚಳಿಗಾಲದ ಓಟ ಮಾತ್ರ ಇನ್ನೂ ನಡೆಯುತ್ತದೆ. ಇಡ್ಲಿ ಈಗಲೂ ನಮ್ಮದೇ. ಅಪ್ಪ ಬರುವುದಿಲ್ಲ, ಪಾತ್ರೆ ತುಂಬಿಸಿ ನನ್ನನ್ನು ಕಳಿಸುತ್ತಾರೆ. ನನಗೊಂದು ಕೆಟ್ಟ ಅಭ್ಯಾಸ ಉಳಿದಿದೆ, ಗಂಡುಮಕ್ಕಳನ್ನು ಕಂಡರೆ ಮುಖಕ್ಕಿಂತ ಮೊದಲು ಮೀನಖಂಡ ನೋಡುತ್ತೇನೆ. ನನಗೆ ಮಕ್ಕಳಾಗಬೇಕೇ ಎಂಬ ಪ್ರಶ್ನೆಗೂ ಅದೇ ಕಾಲುಗಳು ಅಡ್ಡ ನಿಂತಿವೆ.

ಕಳೆದ ಚಳಿಗಾಲ ನಮ್ಮ ಆಫೀಸಿಗೆ ಬೆಂಗಳೂರಿನಿಂದ ಹೊಸದಾಗಿ ಬಂದವರೊಬ್ಬರು ಮಗನನ್ನು ಆ ಓಟಕ್ಕೆ ಕರೆತಂದಿದ್ದರು. ಹಳದಿ ಶರ್ಟಿನ ಹುಡುಗ, ಏಳೆಂಟು ವರ್ಷ.

"ಕಾಲು ನೋಡಿ ಮೇಡಂ, ಹೆಂಗಿದೆ! ದಿನಾ ಫುಟ್‌ಬಾಲ್ ಆಡ್ತಾನೆ" ಎಂದರು ಆ ತಂದೆ, ಹೆಮ್ಮೆಯಿಂದ.

ನಾನು ಇಡ್ಲಿ ತಟ್ಟೆ ಕೆಳಗಿಟ್ಟೆ. "ಪುಟ್ಟಾ, ಒಂದು ಆಟ ಆಡೋಣ್ವಾ? ಹುಲ್ಲಿನ ಮೇಲೆ ಕೂತ್ಕೊ. ಈಗ ಎದ್ದೇಳು" ಎಂದೆ. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ಕೂತ. ಚೆಂಡು ಪುಟಿದ ಹಾಗೆ ಎದ್ದು, ತಿರುಗಿ ನೋಡದೆ ಗೆರೆಯ ಕಡೆ ಓಡಿದ.

ಖಾಲಿ ಪಾತ್ರೆಗಳೊಡನೆ ಹೋಟೆಲಿಗೆ ಮರಳಿದಾಗ ಅಪ್ಪ ಗಲ್ಲಾದಲ್ಲಿ ಕೂತಿದ್ದರು. ನಾನು ಆ ಹುಡುಗನ ವಿಷಯ ಹೇಳಿದೆ. ಅಡುಗೆಮನೆಯೊಳಗೆ ಅಮ್ಮ ರುಬ್ಬುವ ಯಂತ್ರ ನಿಲ್ಲಿಸಿದರು.

"ಕೈ ಊರಿದ್ನಾ?" ಎಂದು ಕೇಳಿದರು ಅಪ್ಪ.

"ಇಲ್ಲ ಅಪ್ಪ. ಎಲ್ಲೂ ಊರ್ಲಿಲ್ಲ."

ಅಪ್ಪ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು.

"ಹಾಗಾದ್ರೆ ಓಡ್ಲಿ" ಎಂದರು.