ತಾಯಿಯ ಕೈಯಲ್ಲಿ ಫ್ರೆಂಚ್ ಹೂಜಿ

ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೊಬ್ಬರಿ ವ್ಯಾಪಾರಿಗೆ ಫ್ರಾನ್ಸಿನ ಹಳೆಯ ಹೂಜಿಗಳ ಹುಚ್ಚಿತ್ತು. ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಮಣ್ಣು, ಅದರ ಮೇಲೆ ಜೇನಿನಂತೆ ಇಳಿದು ನಿಂತ ಹಸಿರು, ನೀಲಿ ಮೆರುಗು. ಪುದುಚೇರಿಯ ಹಳೆಯ ಬಂಗಲೆಗಳಿಂದ ಒಂದೊಂದನ್ನೇ ಕೊಂಡು, ತೆಂಗಿನ ನಾರಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ತರುತ್ತಿದ್ದರು. ಯಾರಾದರೂ ನೋಡಲು ಬಂದರೆ ವ್ಯಾಪಾರಿಯ ಕೈಗಳು ತಾವಾಗಿಯೇ ಹೂಜಿಯ ಕೆಳಗೆ ಹೋಗುತ್ತಿದ್ದವು. "ಕಣ್ಣಲ್ಲೇ ನೋಡ್ರಪ್ಪ, ಮುಟ್ಬ್ಯಾಡಿ," ಎನ್ನುತ್ತಿದ್ದರು. ಬೀದಿಯಲ್ಲಿ ಲಾರಿ ಹೋದರೆ ಮಾತು ನಿಲ್ಲಿಸಿ ಕಪಾಟಿನತ್ತ ತಿರುಗುತ್ತಿದ್ದರು.

ಅವರ ತಾಯಿಗೆ ದೃಷ್ಟಿ ಹೋಗಿತ್ತು, ಕೈ ನಡುಗುತ್ತಿತ್ತು. ಒಂದು ಮಧ್ಯಾಹ್ನ ನಾನಿದ್ದಾಗಲೇ ಆಕೆ ಗೋಡೆ ಹಿಡಿದುಕೊಂಡು ಆ ಕೋಣೆಗೆ ಬಂದರು.

"ಅದೇನು ತಂದಿಟ್ಟಿದ್ದೀಯೋ, ಎಲ್ಲಾರೂ ನೋಡ್ತಾರೆ. ನಂಗೂ ಒಂದು ಕೈಗೆ ಕೊಡು ಕಣ್ಲಾ."

"ಬುಡವ್ವ, ಬಿದ್ದೋದ್ರೆ ಇನ್ನೊಂದು ಸಿಕ್ಕಾಕಿಲ್ಲ."

"ನಂಗೆ ಕಣ್ಣಲ್ಲಿ ನೋಡಕ್ಕಾಗಾಕಿಲ್ವಲ್ಲಪ್ಪ."

ಮಗನ ಮುಖ ಬೆವರಿತು. ಕೊನೆಗೆ ತಮಗೆ ಎಲ್ಲಕ್ಕಿಂತ ಇಷ್ಟವಾದ ಹೂಜಿಯನ್ನೇ ತೆಗೆದು ತಾಯಿಯ ಕೈಗಿಟ್ಟರು. ಅದರ ಕೆಳಗೆ ತಮ್ಮ ಅಂಗೈ ಒಡ್ಡಿಕೊಂಡು ಕೂತರು. ತಾಯಿಯ ಬಳೆ ಹೂಜಿಗೆ ತಾಕಿ ಸದ್ದಾದಾಗಲೆಲ್ಲ ಅವರು ಕಣ್ಣು ಮುಚ್ಚುತ್ತಿದ್ದರು. ಆಕೆ ಮೆರುಗು ಇಳಿದ ಜಾಡನ್ನೇ ಬೆರಳಿನಲ್ಲಿ ಹಿಡಿದು ನಿಧಾನವಾಗಿ ಬುಡದವರೆಗೆ ಹೋದರು. ಅಲ್ಲಿ ಮಗನ ಕೈ ಸಿಕ್ಕಿತು.

"ಯಾರೋ ಬೋ ತಾಳ್ಮೆಯಿಂದ ಮಾಡವ್ನೆ ಕಣ್ಲಾ," ಎಂದರು. "ನೀನು ಕೈ ತೆಗಿ. ನಂಗಿಂತ ನಿನ್ ಕೈಯೇ ನಡುಗ್ತಾ ಅದೆ."

ವ್ಯಾಪಾರಿ ನನ್ನತ್ತ ನೋಡಿದರು. ಆಮೇಲೆ ಒಂದೊಂದೇ ಬೆರಳನ್ನು ಬಿಡಿಸಿ ಕೈ ಹಿಂದಕ್ಕೆ ತೆಗೆದುಕೊಂಡರು. ಹೂಜಿ ತಾಯಿಯ ಕೈಯಲ್ಲಿ ಅಲುಗುತ್ತಲೇ ಇತ್ತು, ಬೀಳಲಿಲ್ಲ.