ಬಚ್ಚಲಲ್ಲಿ ಎರಡು ಸಲ ಕೂತ ಟಬ್

ಒಟ್ಟು ಖರ್ಚು ಮೂವತ್ತೊಂದು ಸಾವಿರದ ನಾನೂರು ರೂಪಾಯಿ. ಅದರಲ್ಲಿ ಟಬ್ಬಿಗೆ ಹೋದದ್ದು ನಾಲ್ಕೇ ಸಾವಿರ. ತಂದು ಇಳಿಸಿದ್ದು, ಪೈಪು, ಟೈಲ್ಸು, ಕಲ್ಲು, ಕೂಲಿ ಎಲ್ಲ ಸೇರಿ ಹದಿನಾರು ಸಾವಿರದ ನಾನೂರು. ಉಳಿದ ಹನ್ನೊಂದು ಸಾವಿರ ನನ್ನ ಬುದ್ಧಿವಂತಿಕೆಗೆ ತಗಲಿದ ವೆಚ್ಚ. ಮೊದಲ ಸಲ ಕೂರಿಸಿದ್ದನ್ನು ಕಿತ್ತು ಮತ್ತೆ ಕೂರಿಸಬೇಕಾಯಿತು. ಬಳ್ಳಾರಿಯ ಅಂಗಡಿಯಲ್ಲಿ ಬರೀ ಟಬ್ಬಿಗೇ ಮೂವತ್ತೆಂಟು ಸಾವಿರ ಹೇಳಿದ್ದರು. ಹಾಗಾಗಿ ಈಗಲೂ ನಾನು ಲಾಭದಲ್ಲಿದ್ದೇನೆ ಎಂದೇ ಹೇಳುತ್ತೇನೆ. ಹೆಂಡತಿ ಒಪ್ಪುವುದಿಲ್ಲ.

ರಾಯದುರ್ಗದಂಥ ಊರಲ್ಲಿ ಟಬ್ ಯಾಕೆ ಬೇಕಿತ್ತು ಎಂದು ಕೇಳುವವರೇ ಹೆಚ್ಚು. ಬೇಕಾದದ್ದು ಅವಳಿಗೆ. ಮೂರು ವರ್ಷದಿಂದ ಅವಳಿಗೆ ಕೀಲುಬಾವು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಮಂಡಿ ಮಾತು ಕೇಳುವುದಿಲ್ಲ. ಚೊಂಬು ಹಿಡಿದರೆ ಕೈಯಿಂದ ಜಾರುತ್ತದೆ. ಸೊಸೆ ದಿನಾ ಮಣೆಯ ಮೇಲೆ ಕೂರಿಸಿ ನೀರು ಹಾಕುತ್ತಿದ್ದಳು. ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ. ಆದರೂ ನನ್ನ ಹೆಂಡತಿ ಸ್ನಾನವನ್ನೇ ಕಡಿಮೆ ಮಾಡುತ್ತಾ ಬಂದಳು. ದಿನ ಬಿಟ್ಟು ದಿನ ಆಯಿತು, ಆಮೇಲೆ ವಾರಕ್ಕೆರಡು ಸಲ ಆಯಿತು. ಯಾಕೆಂದು ಕೇಳಿದೆ.

ಅವಳ ತವರು ಮಡಕಶಿರಾದ ಕಡೆ, ರೊಳ್ಳದ ಹತ್ತಿರದ ಹಳ್ಳಿ. ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಮಾತು ಅಲ್ಲಿಯದೇ. "ಹಸಿ ಮಗೀಗೆ ಹುಯ್ದಂಗೆ ನಂಗೆ ನೀರು ಹುಯ್ತಾಳೆ ಕಣ್ರಿ. ಅವಳು ಒಳ್ಳೇಳೇ. ನಂಗೇ ನಾಚ್ಕೆ ಆಗ್ತೈತೆ. ಸಾಯೋಗಂಟ ಬಚ್ಲಲ್ಲಿ ಒಬ್ಳೇ ಇರಕ್ಕಾಗಲ್ವಲ್ಲ ಅಂತ."

ಬಳ್ಳಾರಿಯ ಡಾಕ್ಟರು ಒಂದು ದಾರಿ ಹೇಳಿದರು. ಬೆಳಗ್ಗೆ ಕಾಲು ಗಂಟೆ ಬೆಚ್ಚಗಿನ ನೀರಿನಲ್ಲಿ ಮೈಯೆಲ್ಲ ಮುಳುಗಿಸಿ ಕೂತರೆ ಕೀಲು ಸಡಿಲವಾಗುತ್ತದೆ, ಆಮೇಲೆ ಅವರ ಕೆಲಸ ಅವರೇ ಮಾಡಿಕೊಳ್ಳಬಹುದು ಎಂದರು. ಆ ಮಾತು ಕೇಳಿ ಅವಳ ಮುಖದ ಮೇಲೆ ಬಂದ ಕಳೆ ನೋಡಿ ನಾನು ಅಲ್ಲೇ ತೀರ್ಮಾನ ಮಾಡಿದೆ.

ನಾನು ಸೈಕಲ್ಲಿನ ಹಿಂದೆ ಪ್ಯಾಂಟ್ ಬಟ್ಟೆಯ ತುಂಡು ಕಟ್ಟಿಕೊಂಡು ಗುಮ್ಮಘಟ್ಟದ ಸಂತೆಯಲ್ಲಿ ಮಾರುತ್ತಿದ್ದವನು. ಈಗ ಸ್ವಂತ ಅಂಗಡಿ ಇದೆ. ಹೊಸ ಮಾಲಿಗೆ ಹೇಳಿದ ರೇಟು ಕೊಡುವ ಅಭ್ಯಾಸ ನನಗಿಲ್ಲ. ಅಮರಾಪುರಕ್ಕೆ ಹೆಂಡತಿಯ ಕಡೆಯವರ ಮದುವೆಗೆ ಹೋದಾಗ, ಊರಾಚೆ ಒಂದು ತೋಟದಲ್ಲಿ ಬಿಳಿ ಟಬ್ಬೊಂದು ಕಣ್ಣಿಗೆ ಬಿತ್ತು. ಕುರಿಗಳು ಅದರಲ್ಲಿ ನೀರು ಕುಡಿಯುತ್ತಿದ್ದವು. ತೋಟದ ಯಜಮಾನರು ಕಲ್ಲಿನ ವ್ಯಾಪಾರ ಜೋರಾಗಿದ್ದಾಗ ಮಹಡಿ ಮನೆಗೆಂದು ತರಿಸಿದ್ದಂತೆ. ಮಹಡಿಗೆ ನೀರು ಏರಲಿಲ್ಲ, ಟಬ್ಬು ಕುರಿಗಳಿಗೆ ಬಂತು.

ನಾನು ಟಬ್ಬಿನ ಮಾತೇ ಎತ್ತಲಿಲ್ಲ. ಕುರಿಗಳ ಬಗ್ಗೆ ಕೇಳಿದೆ, ಮೇವಿನ ಬಗ್ಗೆ ಕೇಳಿದೆ. ಆಮೇಲೆ, "ಇದನ್ನ ಕೊಡ್ತೀರೇನ್ರಿ?" ಎಂದೆ.

"ಹನ್ನೆಲ್ಡು ಸಾವ್ರ ಕೊಟ್ಬುಟ್ಟು ಎತ್ಕಂಡೋಗಿ. ಫಾರಿನ್ ಮಾಲು ಸ್ವಾಮಿ."

"ನಿಮ್ಮ ಕುರಿನೂ ಫಾರಿನ್ನವೇನ್ರಿ?"

ಅವರಿಗೆ ನಗು ಬಂತು. ನಕ್ಕ ಮೇಲೆ ರೇಟು ಬಿಗಿಯಾಗಿ ಹಿಡಿಯುವುದು ಕಷ್ಟ. ಉಪ್ಪುನೀರಿನ ಕಲೆ ತೋರಿಸಿದೆ, ಕೊಂಬು ತಾಗಿದ ಗೀರು ತೋರಿಸಿದೆ, ಎರಡು ಸಲ ಎದ್ದು ಹೊರಟೆ. ನಾಲ್ಕು ಸಾವಿರಕ್ಕೆ ಇಳಿಯಿತು. ರಾಯದುರ್ಗಕ್ಕೆ ಹುಣಸೆಹಣ್ಣು ಹೇರಿಕೊಂಡು ಬರುತ್ತಿದ್ದ ಗಾಡಿಯಲ್ಲೇ ಜಾಗ ಹಿಡಿದು ಕಳಿಸಿದೆ. ಇಲ್ಲಿಯವರೆಗೆ ನಾನು ಒಂದು ತಪ್ಪೂ ಮಾಡಿರಲಿಲ್ಲ.

ಮನೆಗೆ ಬಂದ ಟಬ್ಬನ್ನು ಹೆಂಡತಿ ಸುತ್ತು ಹಾಕಿ ನೋಡಿದಳು. ಮೊದಲ ತಕರಾರು, "ಮೈ ತೊಳ್ದ ನೀರಲ್ಲೇ ಕುತ್ಕಳಕ್ಕೆ ನಾನೇನು ಎಮ್ಮೇನಾ?" ಎಂದು. ಮೊದಲು ಸೋಪು ಹಚ್ಚಿ ತೊಳೆದುಕೊಂಡು, ಆಮೇಲೆ ಒಳಗೆ ಕೂರುವುದು ಎಂದು ಒಪ್ಪಂದವಾಯಿತು. ಎರಡನೇ ತಕರಾರು ನಿಜವಾದದ್ದು: "ಇಷ್ಟೆತ್ತರ ಕಾಲು ಎತ್ತಕ್ಕೆ ಬಂದಿದ್ರೆ ಈ ಟಬ್ಬು ಯಾಕೆ ಬೇಕಿತ್ತು?"

ಅದಕ್ಕೆ ನಾನೇ ಉಪಾಯ ಹೂಡಿದೆ. ನೆಲ ಅಗೆದು ಟಬ್ಬನ್ನು ಒಂದೂಕಾಲು ಅಡಿ ಕೆಳಗೆ ಇಳಿಸಿದರೆ ಅಂಚು ನೆಲದ ಮಟ್ಟಕ್ಕೇ ಬರುತ್ತದಲ್ಲ! ಊರಿನ ಒಳ್ಳೆಯ ಸಂಪ್ ಮೇಸ್ತ್ರಿಯನ್ನು ಕರೆಸಿದೆ. ನಮ್ಮಲ್ಲಿ ನಲ್ಲಿ ನೀರು ಬರುವುದು ಕೆಲವು ದಿನಕ್ಕೊಮ್ಮೆ. ಹಾಗಾಗಿ ಪ್ರತಿ ಮನೆಯ ನೆಲದಡಿಯಲ್ಲೂ ನೀರು ತುಂಬಿಡುವ ಸಂಪ್ ಇರುತ್ತದೆ. ಆತ ಕಟ್ಟಿದ ಸಂಪ್ ಯಾವತ್ತೂ ಸೋರಿದ್ದಿಲ್ಲ. ಅಂಗಡಿಯಲ್ಲಿ ಹಬ್ಬದ ವ್ಯಾಪಾರ, ನಾನು ಮೂರು ದಿನ ಬಚ್ಚಲ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದ.

"ಒಂದು ಹನಿ ಸೋರಂಗಿಲ್ರಿ ಅಣ್ಣಾರ. ತಳದಾಗಿನ ತೂತು ಸೈತ ಮುಚ್ಚೇನಿ."

"ತೂತು ಯಾಕ ಮುಚ್ಚಿದಿಯಪ್ಪಾ?"

"ಅದು ಚರಂಡಿಗಿಂತ ಒಂದಡಿ ಕೆಳಗ ಐತ್ರಿ. ಹಂಗ ಬಿಟ್ಟಿದ್ರ ಚರಂಡಿ ನೀರೇ ಒಳಗ ಬರ್ತಿತ್ತು."

"ಮತ್ತ ಒಳಗಿನ ನೀರು ಹೊರಗ ಹೆಂಗ ಹೋಗ್ಬೇಕು?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಮನ್ಯಾಗ ಚೊಂಬು ಇಲ್ಲೇನ್ರಿ?"

ಅವನದೇನೂ ತಪ್ಪಿಲ್ಲ. ಅಗೆಯಲು ಹೇಳಿದವನು ನಾನು. ನೀರನ್ನು ಹಿಡಿದು ಇಡುವುದು ಈ ಊರಿನ ಎಲ್ಲರಿಗೂ ಗೊತ್ತು. ಇಷ್ಟು ನೀರನ್ನು ಒಮ್ಮೆಗೇ ಬಿಟ್ಟುಬಿಡುವ ಪ್ರಸಂಗ ನನಗಾಗಲಿ ಅವನಿಗಾಗಲಿ ಯಾವತ್ತೂ ಬಂದಿರಲಿಲ್ಲ. ತಪ್ಪು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ತೋಡಿ ಹಾಕಿದರಾಯಿತು, ಅದೇನು ಮಹಾ, ಎಂದುಬಿಟ್ಟೆ.

ಮಾರನೆಯ ದಿನ ಸೋಲಾರ್ ಬಿಸಿನೀರು ತುಂಬಿಸಿದೆವು. ಸೊಸೆ ಕೈ ಹಿಡಿದು ಇಳಿಸಿದಳು. ಕಾಲು ಗಂಟೆ ಆದ ಮೇಲೆ ಹೆಂಡತಿ ಒಳಗಿನಿಂದ, "ಬೆರಳು ಮಡಚಕ್ಕೆ ಬತ್ತೈತೆ ಕಣ್ರಿ!" ಎಂದು ಕೂಗಿದಳು. ಆದರೆ ಮೇಲೆ ಬರುವುದು ಇಳಿದಷ್ಟು ಸುಲಭವಿರಲಿಲ್ಲ. ನಾನೊಂದು ಕಡೆ, ಸೊಸೆಯೊಂದು ಕಡೆ ಹಿಡಿದು ಗುಂಡಿಯಿಂದ ಎತ್ತಿದ ಹಾಗೆ ಎತ್ತಿದೆವು. ಅದನ್ನೂ ಅವಳು ನಗುತ್ತಲೇ ಸಹಿಸಿಕೊಂಡಳು. ಮೂರು ವರ್ಷದಲ್ಲಿ ಮೊದಲ ಸಲ ಕುಪ್ಪಸದ ಗುಂಡಿಯನ್ನು ತಾನೇ ಹಾಕಿಕೊಂಡು, ನನಗೆ ತೋರಿಸಲು ಪಡಸಾಲೆಗೆ ಬಂದಳು.

ತಿರುಗಿ ಬಚ್ಚಲ ಕಡೆ ನೋಡಿದಾಗ ಸೊಸೆ ಸೀರೆ ಎತ್ತಿ ಕಟ್ಟಿಕೊಂಡು, ಬಗ್ಗಿ, ಟಬ್ಬಿನ ನೀರನ್ನು ಚೊಂಬಿನಲ್ಲಿ ತೋಡಿ ಬಕೆಟ್ಟಿಗೆ ತುಂಬುತ್ತಿದ್ದಳು. ಬಕೆಟ್ ತುಂಬಿದರೆ ಹೊರಗೆ ಒಯ್ದು ಸುರಿಯುವುದು, ಮತ್ತೆ ಬಂದು ಬಗ್ಗುವುದು.

"ಬಿಡವ್ವಾ, ನಿನ್ ಸೊಂಟ ಬಿದ್ದೋಗ್ತೈತೆ" ಎಂದಳು ಹೆಂಡತಿ.

"ಇರ್ಲಿ ಬಿಡ್ರಿ ಅತ್ತಿ, ಎಷ್ಟರ ನೀರು."

ಹದಿನಾಲ್ಕು ಬಕೆಟ್ ಆಯಿತು. ಹೆಂಡತಿ ನಿಂತುಕೊಂಡೇ ಎಣಿಸಿದಳು. ಎಣಿಸಿ ಮುಗಿಸಿ ನನ್ನ ಕಡೆ ತಿರುಗಿದಳು. "ಮುಂಚೆ ನಂಗೆ ಎಲ್ಡು ಬಕೆಟ್ ಹುಯ್ತಿದ್ಲು. ಈಗ ಹದಿನಾಲ್ಕು ಹೊತ್ತು ಹಾಕ್ತಾಳೆ. ನಿಮ್ ಟಬ್ಬು ನಿಮ್ಗೇ ಇರ್ಲಿ. ನಾನು ಕಾಲಿಡಲ್ಲ."

ಕಾಲಿಡಲೂ ಇಲ್ಲ. ಮತ್ತೆ ವಾರಕ್ಕೆರಡು ಸಲದ ಸ್ನಾನಕ್ಕೆ ಬಂದು ನಿಂತಳು. ಎರಡು ದಿನದ ನಂತರ ನಲ್ಲಿ ಬಂತು. ಖಾಲಿ ಪಾತ್ರೆ ಕಂಡರೆ ಸುಮ್ಮನಿರುವ ಮನೆಯಲ್ಲವಲ್ಲ ನಮ್ಮದು, ಯಾರೋ ಟಬ್ಬನ್ನೂ ತುಂಬಿಸಿ ಹಲಗೆ ಮುಚ್ಚಿದರು. ಪಕ್ಕದ ಮನೆಯಾಕೆ ಬಂದು ನೋಡಿ, "ಚಲೋ ಸಂಪ್ ಮಾಡ್ಸೀರಿ ಬಿಡ್ರಿ" ಎಂದರು. ಆ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚು ತಗಲಿತು.

ಸಣ್ಣ ಮೋಟರ್ ಇಟ್ಟು ನೀರು ಎತ್ತಿಸೋಣವೇ ಎಂದು ಯೋಚಿಸಿದೆ. ಕೈಯಲ್ಲಿ ಬಲವಿಲ್ಲದವಳು, ಒದ್ದೆ ನೆಲ, ಅಲ್ಲೇ ಕರೆಂಟು. ಬೇಡವೆಂದು ಬಿಟ್ಟೆ. ಮೇಲೆತ್ತದೆ ದಾರಿಯಿರಲಿಲ್ಲ. ಮೇಲೆತ್ತಿದರೆ ಅವಳು ಹತ್ತುವುದು ಹೇಗೆ? ನಾಲ್ಕೈದು ದಿನ ಇದೇ ಯೋಚನೆಯಲ್ಲಿ ಅಂಗಡಿಯಲ್ಲೂ ಗಿರಾಕಿಗಳ ಹತ್ತಿರ ಚೌಕಾಸಿ ಮಾಡದೆ ಕೊಟ್ಟು ಕಳಿಸಿದೆ.

ಕೊನೆಗೆ ಅವಳನ್ನೇ ಕೇಳಿದೆ. ಮೊದಲೇ ಕೇಳಬೇಕಿತ್ತು. ಅವಳು ಮನೆಯ ಮುಂದಿನ ಜಗಲಿಯ ಮೇಲೆ ಕೂತು, ಕಾಲು ಇಳಿಬಿಟ್ಟು, ಮೊರದಲ್ಲಿ ಶೇಂಗಾ ಆರಿಸುತ್ತಿದ್ದಳು. ಬಿಸಿಲು ಕಾಲಿಗೆ ಬಂದಾಗ, ಕೂತಲ್ಲೇ ತಿರುಗಿ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎಂದು ಎರಡನ್ನೂ ಜಗಲಿಯ ಮೇಲೆ ಎಳೆದುಕೊಂಡಳು. ನಾನು ಕೇಳಿದ್ದಕ್ಕೆ, "ನೋಡಿದ್ರಲ್ಲ ಈಗ. ಎತ್ತರ ಹತ್ತಕ್ಕಾಗಲ್ಲ ಅಷ್ಟೇಯ, ಕುತ್ಕಂಡು ತಿರುಗಕ್ಕೆ ಏನು ಕಷ್ಟ? ಟಬ್ಬಿನ ಪಕ್ದಲ್ಲಿ ಇಂಥದೇ ಒಂದು ಕಲ್ಲು ಹಾಕ್ಸಿ" ಎಂದಳು.

ಟೇಪು ತಂದು ಜಗಲಿ ಅಳೆದೆ. ಇಪ್ಪತ್ತು ಇಂಚು. ಟಬ್ಬಿನ ಎತ್ತರ ಹದಿನೈದು. ನೆಲದಿಂದ ಐದು ಇಂಚು ಮೇಲೆ ಕೂರಿಸಿದರೆ ಅಂಚೂ ಜಗಲಿಯ ಮಟ್ಟವೂ ಒಂದೇ ಆಗುತ್ತದೆ, ತಳದ ತೂತು ಚರಂಡಿಗಿಂತ ಮೇಲೆ ನಿಲ್ಲುತ್ತದೆ. ಅದೇ ಮೇಸ್ತ್ರಿ ಬಂದು ತಾನು ಮುಚ್ಚಿದ್ದನ್ನು ತಾನೇ ಒಡೆದ. "ಸೋರ್ಲಿ ಅಂತ ಕೂಲಿ ಕೊಡೋರನ್ನ ಇವತ್ತೇ ನೋಡಿದ್ದು ನೋಡ್ರಿ" ಎಂದು ಗೊಣಗುತ್ತಲೇ ಕೆಲಸ ಮುಗಿಸಿದ. ಪಕ್ಕಕ್ಕೆ ಮಡಕಶಿರಾ ಕಡೆಯ ಕಲ್ಲಿನ ಚಪ್ಪಡಿ, ಗೋಡೆಗೆ ಕಬ್ಬಿಣದ ಹಿಡಿ, ಟಬ್ಬಿನ ಒಳಗೆ ಕೂರಲು ಗಿಡ್ಡ ಮಣೆ.

ಮೊದಲ ದಿನ ಸೊಸೆಯೂ ನಾನೂ ಬಾಗಿಲ ಬಳಿ ನಿಂತಿದ್ದೆವು. ಒಳಗಿನಿಂದ ಹೆಂಡತಿ, "ಇಬ್ರೂ ಅಲ್ಲೇನು ಕಾವಲಾ? ಹೋಗಿ, ಕೆಲ್ಸ ನೋಡ್ಕಳಿ" ಎಂದು ಚಿಲಕ ಹಾಕಿಕೊಂಡಳು. ಅರ್ಧ ಗಂಟೆಯ ಮೇಲೆ ನೀರು ಗುಳುಗುಳು ಎನ್ನುತ್ತಾ ಚರಂಡಿಗೆ ಇಳಿಯುವ ಸದ್ದು ಕೇಳಿತು. ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ಸೀದಾ ದೇವರ ಮನೆಗೆ ಹೋದಳು. ಈಗ ದಿನಾ ಸ್ನಾನ. ನೀರು ಸಾಲದ ವಾರದಲ್ಲಿ ಟಬ್ಬು ಅರ್ಧ ತುಂಬಿಸಿಕೊಳ್ಳುತ್ತಾಳೆ, ಆದರೆ ಯಾರನ್ನೂ ಕರೆಯುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಅಗತ್ಯ ಬಿದ್ದರೆ, ಟಬ್ ಕೊಳ್ಳುವ ಮೊದಲು ಚರಂಡಿಯ ಮಟ್ಟ ಅಳೆಯಿರಿ. ಹಳೆಯದಾದರೂ ಅಡ್ಡಿಯಿಲ್ಲ, ಬಿಸಿಲಿಗೆ ಹಿಡಿದು ಬಿರುಕು ನೋಡಿ, ರೇಟನ್ನು ಮೂರರಲ್ಲೊಂದು ಪಾಲಿಗೆ ಇಳಿಸಿ. ತಳಕ್ಕೆ ಮರಳು ಹಾಸಿ ಗಟ್ಟಿಯಾಗಿ ಕೂರಿಸಿ. ಪೈಪಿನ ಕಡೆ ಒಂದು ಟೈಲ್ಸನ್ನು ಅಂಟಿಸದೆ ಬಿಡಿಸಿಡಿ, ನಾಳೆ ಕಟ್ಟಿಕೊಂಡರೆ ಕೈ ಹಾಕಲು ಬೇಕು. ಸಿಮೆಂಟ್ ಮೆತ್ತುವ ಮೊದಲು ಪೂರ್ತಿ ತುಂಬಿಸಿ, ಪೂರ್ತಿ ಬಿಟ್ಟು ನೋಡಿ. ಎಣ್ಣೆ ಸ್ನಾನದ ದಿನ ಟಬ್ಬಿಗೆ ಇಳಿಸಲೇಬೇಡಿ, ಕಾಲು ನಿಲ್ಲುವುದಿಲ್ಲ. ಅಂಚಿನ ಎತ್ತರವನ್ನು ಮೇಸ್ತ್ರಿಯನ್ನೂ ಕೇಳಬೇಡಿ, ನನ್ನನ್ನೂ ಕೇಳಬೇಡಿ. ಸ್ನಾನ ಮಾಡುವವರನ್ನು ಅವರಿಗೆ ಹಿತವಾದ ಕಡೆ ಕೂರಿಸಿ, ಆ ಜಾಗವನ್ನು ಅಳೆಯಿರಿ. ಬಾಗಿಲಿಗೆ ಹೊರಗಿನಿಂದಲೂ ತೆಗೆಯಲು ಬರುವಂಥ ಚಿಲಕ ಹಾಕಿಸಿ. ಆದರೆ ಅವರು ಕರೆಯುವವರೆಗೆ ಅದನ್ನು ಮುಟ್ಟಬೇಡಿ.