ಮಲ್ಲಿಗಮ್ಮ ರುಚಿ ನೋಡದ ಉಂಡೆ

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಸುದ್ದಿ ಮೊದಲು ಸೂಲಗಿತ್ತಿಗೆ, ಆಮೇಲೆ ಮಲ್ಲಿಗಮ್ಮನಿಗೆ ಹೋಗುತ್ತಿತ್ತು. ಗಂಡನಿಗೆ ತಿಳಿಯುವುದು ಅದಾದ ಮೇಲೆ. ಬಾಣಂತಿಗೆ ಕೊಡುವ ಅಂಟಿನ ಉಂಡೆಯನ್ನು ಮಲ್ಲಿಗಮ್ಮನ ಹಾಗೆ ಕಟ್ಟುವವರು ಇರಲಿಲ್ಲ. ಇದ್ದರು ಅನ್ನುವವರು ನನ್ನ ಹತ್ತಿರ ಜಗಳಕ್ಕೆ ಬರಲಿ.

ಅವಳ ಗಂಡ ನಂಜಪ್ಪ ಚನ್ನರಾಯಪಟ್ಟಣದಿಂದ ಕೊಬ್ಬರಿ ತರುತ್ತಿದ್ದ. ಬಾದಾಮಿ, ಗೋಡಂಬಿ, ದ್ರಾಕ್ಷಿ, ಉತ್ತುತ್ತೆಗಳನ್ನು ಬಾಣಂತಿಯ ಮನೆಯವರು ಹಾಸನದಿಂದ ತರಿಸಿಕೊಡಬೇಕು. ಮಲ್ಲಿಗಮ್ಮ ಉತ್ತುತ್ತೆಯ ಬೀಜ ತೆಗೆದು ಕುಟ್ಟಿ, ಅಂಟನ್ನು ತುಪ್ಪದಲ್ಲಿ ಅರಳಿಸಿ, ಕೊಬ್ಬರಿ ತುರಿ ಹುರಿದು, ಎಲ್ಲವನ್ನೂ ಬೆಲ್ಲದ ಪಾಕಕ್ಕೆ ಸುರಿದು ಕೈ ಸುಡುವಾಗಲೇ ಕಟ್ಟುತ್ತಿದ್ದಳು. ಬಾಯಿಗೆ ಮಾತ್ರ ಬಿಡುವಿಲ್ಲ. ಬಾದಾಮಿ ಸಣ್ಣದು, ತುಪ್ಪ ಹಳೆಯದು, ನಿಮ್ಮತ್ತೆಯ ಕೈ ಬಲು ಬಿಗಿ ಎಂದು ಒಂದೇ ಸಮ ಗೊಣಗುತ್ತಿದ್ದಳು. ವಾಸನೆ ಹಿಡಿದು ಬಂದ ಮಕ್ಕಳನ್ನೂ ಗಂಡಸರನ್ನೂ ಸೌಟು ತೋರಿಸಿ ಓಡಿಸುತ್ತಿದ್ದಳು.

ತಾನೂ ಒಂದು ಚೂರು ಬಾಯಿಗೆ ಹಾಕಿದವಳಲ್ಲ. ಬಾಣಂತಿಯ ಪಾಲನ್ನು ಬೇರೆಯವರು ತಿಂದರೆ ತಾಯಿಗೆ ಹಾಲು ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳಿದ್ದಳಂತೆ. ಮಲ್ಲಿಗಮ್ಮನಿಗೆ ಮಕ್ಕಳಾಗಿರಲಿಲ್ಲ. ಹಾಗಾಗಿ ತಾನೇ ಕಟ್ಟುವ ಉಂಡೆಯ ರುಚಿ ಅವಳಿಗೇ ಗೊತ್ತಿರಲಿಲ್ಲ. ಬೆರಳಿಗೆ ಮೆತ್ತಿದ್ದನ್ನೂ ನೆಕ್ಕದೆ ತೊಳೆದುಬಿಡುತ್ತಿದ್ದಳು. ಒಂದು ಸಲ ನೆಕ್ಕಿ ನೋಡಕ್ಕ ಎಂದು ಹೇಳಲು ಹೋದರೆ ಸೌಟು ನನ್ನ ಕಡೆಗೂ ತಿರುಗುತ್ತಿತ್ತು.

ಅರವತ್ತೊಂದನೇ ಇಸವಿಯಲ್ಲಿ, ಬೀದಿಯವರೆಲ್ಲ ಆಸೆ ಬಿಟ್ಟ ಮೇಲೆ, ಮಲ್ಲಿಗಮ್ಮ ಹೆಣ್ಣುಮಗು ಹೆತ್ತಳು. ಅವಳ ವಯಸ್ಸು ನಲವತ್ತರ ಹತ್ತಿರ. ಅವ್ವ ಯಾವತ್ತೋ ತೀರಿಕೊಂಡಿದ್ದಳು, ತವರಿನಿಂದ ಉಂಡೆ ತರುವವರು ಯಾರೂ ಇರಲಿಲ್ಲ. ಬೀದಿಗೆಲ್ಲ ತಿನ್ನಿಸಿದವಳಿಗೆ ಉಂಡೆಯಿಲ್ಲದ ಬಾಣಂತನವೇ? ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ಅನಸೂಯಮ್ಮನನ್ನೂ ಎದುರು ಮನೆಯ ಸುಬ್ಬಮ್ಮನನ್ನೂ ಎಳೆದುಕೊಂಡು ಅವಳ ಅಡುಗೆಮನೆಗೇ ನುಗ್ಗಿದೆ. ನಾವು ಮೂವರೂ ಬಾಣಂತನದಲ್ಲಿ ಅವಳ ಉಂಡೆ ತಿಂದೇ ಮೈ ಹಿಡಿದವರು.

ತಿನ್ನುವುದು ಬೇರೆ, ಕಟ್ಟುವುದು ಬೇರೆ. ಪಾಕ ಇಳಿಸೋಣ ಎಂದು ಅನಸೂಯಮ್ಮ, ಇನ್ನೂ ಎಳಸು ಎಂದು ಸುಬ್ಬಮ್ಮ, ನಿಮಗಿಬ್ಬರಿಗೂ ತಿಳಿಯದು ಎಂದು ನಾನು. ನಮ್ಮ ವಾದ ಮುಗಿಯುವಷ್ಟರಲ್ಲಿ ಪಾಕದ ಕಥೆಯೂ ಮುಗಿದಿತ್ತು. ಹೇಗೋ ಒತ್ತಿ ಒತ್ತಿ ಉಂಡೆ ಮಾಡಿದೆವು. ಒಂದನ್ನು ನಂಜಪ್ಪ ಕಚ್ಚಲು ಹೋಗಿ, ದವಡೆ ಹಿಡಿದುಕೊಂಡು ಆಚೆಗೆ ಹೋದ. ಅಷ್ಟೊಂದು ಬಾದಾಮಿ, ಅಷ್ಟೊಂದು ತುಪ್ಪ ಮಣ್ಣುಪಾಲಾಯಿತಲ್ಲ ಎಂದು ನನಗೆ ಅಳುವೇ ಬಂತು. ಎಸೆದುಬಿಡೋಣ ಎಂದು ಪಿಸುಗುಟ್ಟುತ್ತಿದ್ದಾಗ ಬಾಣಂತಿ ಕೋಣೆಯಿಂದ ಕೂಗು ಬಂತು. ತಟ್ಟೆ ಹಿಡಿದು ಒಳಗೆ ಹೋಗಲೇಬೇಕಾಯಿತು.

ನೋಡಿದ ಕೂಡಲೇ ಮಲ್ಲಿಗಮ್ಮನ ಹುಬ್ಬು ಗಂಟಿಕ್ಕಿತು. “ಪಾಕ ಮೀರೈತೆ,” ಅಂದಳು. ಅವಳು ಒಂದು ಉಂಡೆಯನ್ನು ಗುಂಡುಕಲ್ಲಿನಿಂದ ಒಡೆಸಿ, ಚೂರನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿದಳು. ಬೈಗುಳಕ್ಕೆ ಕಾದೆವು, ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

“ಇಷ್ಟು ಚೆಂದಾಗಿರ್ತದೇನೆ ಇದು? ನಾನು ಕಟ್ತಿದ್ದುದೂ ಇಂಗೇ ಇತ್ತಾ?”

ಅನಸೂಯಮ್ಮ ಹೂಂಗುಟ್ಟಲು ಬಾಯಿ ತೆರೆದಳು. ನನಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಇದು ಕಲ್ಲು ಕಣಕ್ಕ. ನಿಂದು ಉಂಡೆ,” ಅಂದೆ. ನಾನು ಸುಮ್ಮನೆ ಹೊಗಳುತ್ತಿದ್ದೇನೆ ಎಂದುಕೊಂಡು ಅವಳು ನಂಬಲೇ ಇಲ್ಲ. ತಟ್ಟೆಯಲ್ಲಿದ್ದುದನ್ನೆಲ್ಲ ದಿನಕ್ಕಿಷ್ಟು ಒಡೆಸಿಕೊಂಡು, ಒಂದು ಚೂರೂ ಬಿಡದೆ ತಿಂದಳು.

ಎರಡು ವರ್ಷದ ಮೇಲೆ ನನ್ನ ಕೊನೆಯ ಹೆರಿಗೆಯಾಯಿತು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಉಂಡೆಯ ಡಬ್ಬಿ ಹಿಡಿದು ಮಲ್ಲಿಗಮ್ಮ ಬಂದಳು. ಮೊದಲನೆಯ ಉಂಡೆ ತೆಗೆದು ನನ್ನ ಕೈಗಿಟ್ಟಳು. ನಾನು ಅದನ್ನು ಮುರಿದು, ನೀನೂ ಬಾಣಂತಿಯಾಗಿದ್ದವಳೇ, ನಿನಗೂ ಪಾಲುಂಟು ಎಂದು ಅರ್ಧವನ್ನು ಅವಳ ಬಾಯಿಗೇ ತುರುಕಿದೆ. ಬೇಡ ಬೇಡ ಎನ್ನುತ್ತಲೇ ಅಗಿದಳು. ಅಗಿಯುತ್ತಾ ಅಗಿಯುತ್ತಾ ನನ್ನನ್ನೇ ದಿಟ್ಟಿಸಿದಳು.

“ಅಯ್ಯೋ ನಿಮ್ಮ ಮನೆ ಕಾಯೋಗ,” ಅಂದಳು, “ಅವತ್ತು ನಂಗೆ ಕಲ್ಲೇ ತಿನ್ಸಿದ್ರಲ್ಲೇ.”

ಹೇಳಿ, ಮಿಕ್ಕ ಅರ್ಧಕ್ಕೂ ಕೈ ಚಾಚಿದಳು.